ಪೆನ್ಸಿಲ್ ಸುತ್ತಿನ ಆರು ಮೊಟ್ಟೆ

ಬ್ಯಾಡಗಿ,
ಮಂಗಳವಾರ, 11 ಮಾರ್ಚ್ 2025,
ಬೆಳಗಿನ ಒಂಬತ್ತು ಗಂಟೆ, ಎರಡು ಸೀನುಗಳ ನಡುವೆ

ಪ್ರೀತಿಯ ಮಗಳು ಸುರೇಖಾ,

ಸಮಸ್ತ ಹಾವೇರಿ ಜಿಲ್ಲೆಯ ಗಮನಕ್ಕೆ ಬರಬೇಕಾದ ಒಂದು ಸುದ್ದಿಯನ್ನು ಮೊದಲು ನಿನಗೇ ತಿಳಿಸುತ್ತಿದ್ದೇನೆ. ನಮ್ಮ ಮನೆತನದ ಇತಿಹಾಸದಲ್ಲಿ ಮೊಟ್ಟಮೊದಲ ಸಲ, ಕಳೆದ ಗುರುವಾರ ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ, ನಿನ್ನ ತಾಯಿ ಶ್ರೀಮತಿ ಶಾರದವ್ವನವರ ಅಧ್ಯಕ್ಷತೆಯಲ್ಲಿ ಹಾಗೂ ಅವರದೇ ತೀವ್ರ ವಿರೋಧದ ನಡುವೆ, ಕೋಳಿಮೊಟ್ಟೆ ಎಂಬ ಪದಾರ್ಥವು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದಿತು. ಒಂದಲ್ಲ, ಎರಡಲ್ಲ, ಹನ್ನೆರಡು. ನನ್ನ ಅಜ್ಜ ಮೊಟ್ಟೆ ಮಾರುವವನ ಸೈಕಲ್ಲು ನೋಡಿದರೆ ಓಣಿ ಬದಲಿಸುತ್ತಿದ್ದ. ಅವನ ಫೋಟೋದ ಕೆಳಗೇ ಈಗ ನಿನ್ನ ಇನ್‌ಕ್ಯುಬೇಟರು ಕುಳಿತಿದೆ. ಫೋಟೋ ಇನ್ನೂ ಗೋಡೆಯಿಂದ ಬಿದ್ದಿಲ್ಲ. ಅವನಿಗೂ ಒಪ್ಪಿಗೆ ಇದೆ ಎಂದೇ ನಾನು ತಿಳಿದಿದ್ದೇನೆ.

ಇರಲಿ. ನೀನು ಹೇಗಿದ್ದೀಯ, ಅದನ್ನು ಹೇಳು. ರಾತ್ರಿ ನಿದ್ದೆ ಬಂತೆ? ನೋವು ಬಿಟ್ಟು ಬಿಟ್ಟು ಬರುತ್ತಿದೆಯೋ, ಬಿಟ್ಟೇ ಹೋಯಿತೋ? ಕೂಸು ಒದೆಯುತ್ತಿದೆಯೆ? ಒದೆಯುತ್ತಿದ್ದರೆ ನಿನ್ನ ತಾಯಿಯ ಕಡೆಯ ಗುಣ, ಸುಮ್ಮನೆ ಬಿದ್ದುಕೊಂಡು ಕೇಳಿಸಿಕೊಳ್ಳುತ್ತಿದ್ದರೆ ನನ್ನ ಕಡೆಯದು. ಆಸ್ಪತ್ರೆಗೆ ನಾನೇ ಬಂದು ಕೇಳಬಹುದಿತ್ತು. ಬ್ಯಾಡಗಿಯಿಂದ ಹಾವೇರಿ ಎಷ್ಟು ದೂರ? ಆದರೆ ನನ್ನ ಮೇಲೆ ನಿಷೇಧಾಜ್ಞೆ ಇದೆಯಲ್ಲ! ಶುಕ್ರವಾರ ನಾನು ಬಂದು ಹತ್ತು ನಿಮಿಷ ಕುಳಿತದ್ದಕ್ಕೆ ನೀನು ನಕ್ಕು, ನಕ್ಕದ್ದಕ್ಕೆ ಹೊಟ್ಟೆ ಬಿಗಿದು, ಲೇಡಿ ಡಾಕ್ಟರು, ನಮ್ಮ ಬಾಯಾರು, ಓಡಿ ಬಂದು, "ಯಜಮಾನ್ರ, ಈಕೀಗೆ ನಗು ಬಂದ್ ಮಾಡೇನ್ರಿ. ಅಂದ್ರ ನಿಮ್ಮನ್ನೂ ಬಂದ್ ಮಾಡಿದಂಗ" ಎಂದುಬಿಟ್ಟರು. ಹಾವೇರಿಯ ವಾರಪತ್ರಿಕೆಯಲ್ಲಿ ಹದಿನೆಂಟು ವರ್ಷದಿಂದ ನಗೆಬರಹ ಬರೆಯುತ್ತಿದ್ದೇನೆ, ಒಬ್ಬರೂ ಇಷ್ಟು ದೊಡ್ಡ ಸರ್ಟಿಫಿಕೇಟು ಕೊಟ್ಟಿರಲಿಲ್ಲ. ಫೋನಿನಲ್ಲಿ ಮಾತಾಡೋಣವೆಂದರೆ ನೀನು "ಆಮ್ಯಾಲೆ ಮಾಡ್ತೇನಪ್ಪಾ" ಎಂದು ಇಡುತ್ತೀಯ. ಅದಕ್ಕೇ ಈ ಪತ್ರ. ಮಧ್ಯಾಹ್ನದ ಡಬ್ಬಿಯ ಜೊತೆ ನಿನ್ನ ಗಂಡ ಪ್ರವೀಣಕುಮಾರರು ತರುತ್ತಾರೆ. ನಿಧಾನಕ್ಕೆ ಓದು. ನಗು ಬಂದಲ್ಲಿ ನಿಲ್ಲಿಸಿ ಒಂದು ಗುಟುಕು ನೀರು ಕುಡಿ.

ಇನ್ನೊಂದು ವಿಷಯ. ನಿನ್ನೆ ಸಂಜೆ ನೋವು ಮತ್ತೆ ಬಂತಂತೆ. ಕೂಸು ಮೂವತ್ತನೇ ವಾರಕ್ಕೇ ಹೊರಡುವ ಸಾಧ್ಯತೆ ಇದೆಯೆಂದು ಬಾಯಾರು ಇಂಜೆಕ್ಷನ್ ಹೇಳಿದರಂತೆ. ಒಳಗಿರುವಾಗಲೇ ಕೂಸಿನ ಶ್ವಾಸಕೋಶ, ಕರುಳು ಲಗುಬಗೆಯಿಂದ ಪಕ್ವವಾಗಲಿ ಎಂದು ಕೊಡುವ ಸ್ಟೆರಾಯ್ಡ್ ಹಾರ್ಮೋನಿನ ಇಂಜೆಕ್ಷನ್. ನೀನು ಇವತ್ತು ಸಂಜೆಯವರೆಗೆ ಯೋಚಿಸುತ್ತೇನೆ ಎಂದೆಯಂತೆ. ಬಾಯಾರು, "ಯೋಚನಿ ಮಾಡಾಕ ಇದು ಸೀರಿ ಅಲ್ಲವಾ, ಒಂದೊಂದು ತಾಸಿಗೂ ಕಿಮ್ಮತ್ತೈತಿ" ಎಂದರಂತೆ. ಈ ವಿಷಯವನ್ನು ನಾನು ಎತ್ತಬಾರದೆಂದು ನಿನ್ನ ಗಂಡ ಕೈ ಮುಗಿದಿದ್ದಾರೆ: "ಮಾವಾರ, ಆಕೀಗೆ ಎಲ್ಲಾರೂ ಹೇಳ್ಯಾರ. ನೀವೊಬ್ರು ಹೇಳಬ್ಯಾಡ್ರಿ." ಮಾತು ಕೊಟ್ಟಿದ್ದೇನೆ. ಆದ್ದರಿಂದ ಇಂಜೆಕ್ಷನ್ ಬಗ್ಗೆ ಒಂದಕ್ಷರ ಬರೆಯುವುದಿಲ್ಲ. ಮೊಟ್ಟೆಯ ಬಗ್ಗೆ ಬರೆಯುತ್ತೇನೆ. ಮೊಟ್ಟೆಯ ಬಗ್ಗೆ ಬರೆಯಬೇಡಿ ಎಂದು ಯಾರೂ ಹೇಳಿಲ್ಲ.

ಗುರುವಾರ ನಿನ್ನನ್ನು ಅವಸರದಲ್ಲಿ ಆಸ್ಪತ್ರೆಗೆ ಸೇರಿಸಿದ ಮೇಲೆ, ಹಾವೇರಿಯ ಮನೆಯಲ್ಲಿ ನಿನ್ನ ಪಿಎಚ್‌ಡಿಯ ಮೊಟ್ಟೆಗಳು ಅನಾಥವಾದವು. ನಿನ್ನ ಗಂಡನಿಗೆ ರಾಣೇಬೆನ್ನೂರಿನ ಬೀಜದ ಕಂಪನಿಯಲ್ಲಿ ರಜೆ ಸಿಗಲಿಲ್ಲ, ಮಧ್ಯಾಹ್ನ ಡಬ್ಬಿ ಒಯ್ಯುವಷ್ಟು ಬಿಡುವು ಮಾತ್ರ ಸಿಕ್ಕಿತು. ಆ ಪೆಟ್ಟಿಗೆಯನ್ನು ತಂದು ನಮ್ಮ ಪಡಸಾಲೆಯಲ್ಲಿ ಇಟ್ಟು, ನಿನ್ನ ನೋಟುಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ದಿನಕ್ಕ ಮೂರು ಸಲ ಹೊಳ್ಳಿಸಿ ಇಡಬೇಕಂತ ಮಾವಾರ" ಎಂದು ಗಾಡಿ ಹತ್ತಿದರು. ನಿನ್ನ ತಾಯಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಮಗಳ ಮೊಟ್ಟಿ ಅಂತ ಒಳಗ ಬಿಟ್ಟೇನಿ. ನಿಮ್ಮ ಮೊಟ್ಟಿ ಆಗಿದ್ರ ಅದರ ಜೋಡಿ ನಿಮ್ಮನ್ನೂ ಹೊರಗ ಇಡತಿದ್ದೆ" ಎಂದಳು. ಒಂದು ತಾಸಿನ ನಂತರ ನೋಡಿದರೆ ಪೆಟ್ಟಿಗೆಯ ಮುಚ್ಚಳಕ್ಕೆ ಮೂರು ಬೆರಳು ವಿಭೂತಿ ಬಿದ್ದಿತ್ತು. ಲಿಂಗಾಯತ ಇನ್‌ಕ್ಯುಬೇಟರು ಇಡೀ ವಿಶ್ವವಿದ್ಯಾಲಯದಲ್ಲಿ ಇದೊಂದೇ ಇರಬೇಕು.

ನೋಟುಪುಸ್ತಕದ ಪ್ರಕಾರ ಆರು ಮೊಟ್ಟೆಗಳ ಮೇಲೆ ಪೆನ್ಸಿಲ್ಲಿನಿಂದ ಎಳೆದ ಸುತ್ತು ಇದೆ, ಆರರ ಮೇಲೆ ಬರೀ ನಂಬರು. ಸುತ್ತು ಇದ್ದವು ಹಾರ್ಮೋನು ಕಂಡವು, ಇಲ್ಲದವು ಕಾಣದವು. ನಾನು ಮೂವತ್ತೊಂದು ವರ್ಷ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜಿನಲ್ಲಿ ಮ್ಯಾನೇಜರನಾಗಿದ್ದವನು. ಚೀಲಕ್ಕೆ ಗುರುತು ಹಾಕುವುದು ನನಗೆ ಹೊಸದೇ? ಎರಡೇ ದಿನದಲ್ಲಿ ಹನ್ನೆರಡನ್ನೂ ಮುಖ ನೋಡಿ ಗುರುತಿಸುವಷ್ಟು ಪಳಗಿದೆ. ಮೂರನೇ ನಂಬರಿನದು ಸ್ವಲ್ಪ ಅಹಂಕಾರಿ. ಹತ್ತನೇ ನಂಬರಿನದು ನಿನ್ನ ಗಂಡನ ಹಾಗೆ, ಹೊರಳಿಸಿದ ಕಡೆಗೆ ಹೊರಳುತ್ತದೆ.

ಈಗ ಒಂದು ತಪ್ಪೊಪ್ಪಿಗೆ. ಇದನ್ನು ನಿನಗೆ ಯಾರೂ ಹೇಳಿಲ್ಲ. ಶನಿವಾರ ಲೈನ್ ಕೆಲಸವೆಂದು ಹತ್ತು ಗಂಟೆಗೆ ಕರೆಂಟು ಹೋಯಿತು. ಸಂಜೆಯವರೆಗೆ ಬರುವುದಿಲ್ಲ ಎಂದರು. ನಾನು ಪೆಟ್ಟಿಗೆಯ ಮುಂದೆ ಕುಳಿತು ಯೋಚಿಸಿದೆ. ಹೊರಗೆ ರಣಬಿಸಿಲು. ಕರೆಂಟು ಇಲ್ಲ. ಕರೆಂಟು ಇಲ್ಲದಿದ್ದರೆ ಮಾಲು ಕೆಡುತ್ತದೆ. ಮಾಲು ಕೆಡದ ಹಾಗೆ, ಜನರೇಟರು ಇಟ್ಟುಕೊಂಡು, ಹಗಲೂ ಇರುಳೂ ಕಾಯುವ ಜಾಗ ಬ್ಯಾಡಗಿಯಲ್ಲಿ ಯಾವುದು? ಮಗಳೇ, ಮೂವತ್ತೊಂದು ವರ್ಷದ ಅಭ್ಯಾಸ ನನ್ನ ಕಾಲಿನಲ್ಲಿತ್ತು, ತಲೆ ಅದರ ಹಿಂದೆ ಹೋಯಿತು. ಹನ್ನೆರಡನ್ನೂ ಬುಟ್ಟಿಯಲ್ಲಿ ಹತ್ತಿ ಹಾಸಿ ಇಟ್ಟುಕೊಂಡು ಸೀದಾ ಕೋಲ್ಡ್ ಸ್ಟೋರೇಜಿಗೆ ಹೋದೆ. ವಾಚ್‌ಮನ್ ನಾಗಪ್ಪ ನನ್ನ ಕಾಲದವನು, ಎದ್ದು ಸಲಾಮು ಹೊಡೆದ. ಬುಟ್ಟಿಯೊಳಗೆ ಇಣುಕಿ, "ಸಾಹೇಬ್ರ, ಇದಕ್ಕೇನು ಲಾಟ್ ನಂಬರ್ ಬರಕೊಳ್ಲಿ?" ಎಂದ. ಕಡುಗೆಂಪು ಮೆಣಸಿನಕಾಯಿ ಚೀಲಗಳ ನಡುವೆ ಬುಟ್ಟಿ ಇಟ್ಟು, ಬಾಗಿಲು ಹಾಕಿಸಿ, ಕರ್ತವ್ಯ ಮುಗಿಸಿದ ಸಮಾಧಾನದಲ್ಲಿ ಅವನ ಜೊತೆ ಒಂದು ಚಹಾ ಕುಡಿದೆ.

ವಾಪಸು ಬರುವಾಗ ಹಿತ್ತಲಿನಾಚೆಯ ಮಹಮೂದಾಬೇಗಂ ಸಿಕ್ಕರು. ನಿನಗೆ ಗೊತ್ತಲ್ಲ, ಅವರ ಮನೆಯಲ್ಲಿ ಕೋಳಿಗಳಿಗೇ ಹೆಚ್ಚು ಸದರ. ನಾನು ಹೆಮ್ಮೆಯಿಂದ ಸಂಗತಿ ಹೇಳಿದೆ. ಅವರ ಕೈಯಲ್ಲಿದ್ದ ಬಕೀಟು ಕೆಳಗೆ ಬಿತ್ತು. "ಯಾ ಅಲ್ಲಾ! ಅಣ್ಣಾರ, ಜೀವ ಇರೋ ಮೊಟ್ಟೀನ ಒಯ್ದು ಮೆಣಸಿನಕಾಯಿ ಜೋಡಿ ಥಂಡ್ಯಾಗ ಇಡ್ತಾರೇನ್ರಿ? ನಾಳೆ ಮೊಮ್ಮಗು ಬಂದ್ರ ಅದನ್ನೂ ಅಲ್ಲೇ ಒಯ್ದು ಇಡ್ತೀರೇನ?" ಅರವತ್ತೇಳು ವರ್ಷದ ನಾನು ಧೋತರ ಎತ್ತಿ ಕಟ್ಟಿ ಓಡಿದ್ದನ್ನು ಇಡೀ ಪೇಟೆ ನೋಡಿತು. ಒಟ್ಟು ಮೂವತ್ತೈದು ನಿಮಿಷ ಅವು ಆ ಚಳಿಯಲ್ಲಿದ್ದವು. ಒಂದೊಂದನ್ನೂ ಕೈಯಲ್ಲಿ ಹಿಡಿದರೆ ಬಾವಿಯಿಂದ ಸೇದಿದ ಕಲ್ಲಿನ ಹಾಗೆ. ಮಹಮೂದಾಬೇಗಂ ಬುಟ್ಟಿ ಕಸಿದುಕೊಂಡು, ಕಾವು ಕೂರಲು ಹವಣಿಸುತ್ತಿದ್ದ ತಮ್ಮ ಕಂದು ಕೋಳಿಯ ಕೆಳಗೆ ಹನ್ನೆರಡನ್ನೂ ಸರಿಸಿದರು. ಕೋಳಿ ಒಮ್ಮೆ ನನ್ನನ್ನು ನೋಡಿತು. ಆ ನೋಟವನ್ನು ನಾನು ಹಿಂದೆ ಒಂದೇ ಕಡೆ ಕಂಡಿದ್ದೇನೆ, ನಿನ್ನ ತಾಯಿಯಲ್ಲಿ.

ನೀರು ಕುಡಿದೆಯಾ? ಕುಡಿ.

ಆವತ್ತಿನಿಂದ ಮಾಡಲು ಕೆಲಸವಿಲ್ಲದೆ ನಿನ್ನ ನೋಟುಪುಸ್ತಕ ಓದುತ್ತ ಕುಳಿತೆ. ಹಿಂದಿನ ಪುಟ ತಿರುಗಿಸಬಾರದೆಂದು ನೀನು ಎಲ್ಲಿಯೂ ಬರೆದಿರಲಿಲ್ಲ. ಮೊದಲ ಪುಟದಲ್ಲಿ ನಿನ್ನ ಪ್ರಬಂಧದ ಹೆಸರು: ಕರುಳಿನ ಬೆಳವಣಿಗೆಯ ಕಾಲದಲ್ಲಿ ಅಯಾನುಗಳನ್ನು ಸಾಗಿಸುವ ಜೀನುಗಳ ಮೇಲೆ ಹಾರ್ಮೋನುಗಳ ನಿಯಂತ್ರಣ. ಬ್ಯಾಡಗಿಯಲ್ಲಿ ಈ ಹೆಸರು ಹೇಳಲು ಶುರು ಮಾಡಿದರೆ ಮುಗಿಯುವ ಹೊತ್ತಿಗೆ ಬಸ್ಸು ಮೋಟೆಬೆನ್ನೂರು ದಾಟಿರುತ್ತದೆ. ಆದರೆ ಕಳೆದ ದೀಪಾವಳಿಯಲ್ಲಿ ನೀನು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ನಿನ್ನ ತಾಯಿಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ. "ಕರುಳಿನ ಗ್ವಾಡಿಗೆ ಉಪ್ಪಿನ ಬಾಗಿಲಾ ಇರ್ತಾವವ್ವಾ. ಉಪ್ಪು ಒಳಗ ಹೋದ್ರ ಅದರ ಬೆನ್ನಿಗೆ ನೀರು ಹೋಗ್ತೈತಿ. ಬಾಗಿಲಾ ಇಲ್ಲಂದ್ರ ಕುಡದದ್ದು ಕುಡದಂಗ ಹರದು ಹೋಗ್ತೈತಿ." ಆ ಬಾಗಿಲು ಮಾಡುವ ವಿಧಾನ ಮರಿಯ ಮೈಯಲ್ಲಿ ಮೊದಲಿನಿಂದಲೇ ಬರೆದಿಟ್ಟಿರುತ್ತದೆ, ಅದೇ ಜೀನು. ಆದರೆ ಆಜ್ಞೆ ಬರುವವರೆಗೆ ಅದು ಸುಮ್ಮನಿರುತ್ತದೆ. ಹುಟ್ಟುವ ದಿನ ಹತ್ತಿರವಾದಾಗ ಮೈಯೊಳಗೆ ಹಾರ್ಮೋನು ಏರಿ ಆಜ್ಞೆ ಹೊರಡಿಸುತ್ತದೆ. ನನಗೆ ಕೂಡಲೇ ತಿಳಿಯಿತು. ಗೇಟ್ ಪಾಸು! ಚೀಲ ಇದೆ, ಹಮಾಲರಿದ್ದಾರೆ, ಲಾರಿ ನಿಂತಿದೆ, ಆದರೂ ಗೇಟ್ ಪಾಸು ಬರುವವರೆಗೆ ನಮ್ಮ ಸ್ಟೋರೇಜಿನಲ್ಲಿ ಒಂದು ಕಾಯಿ ಅಲುಗುತ್ತಿರಲಿಲ್ಲ. ಅವಸರದಲ್ಲಿ ಬಂದ ಲಾರಿ ಪಾಸಿಲ್ಲದೆ ಹೊರಗೇ ನಿಲ್ಲುತ್ತಿತ್ತು.

ನಿನ್ನ ಪುಸ್ತಕದಲ್ಲಿ ಜುಲೈ ತಿಂಗಳ ಪುಟ ಒಂದಿದೆ. "ಹೆಚ್ಚಿನ ಪ್ರಮಾಣ, ದಿನ ಬಿಟ್ಟು ದಿನ, ನಾಲ್ಕು ಸಲ. ಮರಿಗಳು ಸಣ್ಣವು" ಎಂದು ಬರೆದಿದ್ದೀಯ. ಅಲ್ಲಿ ಶಾಯಿ ಹರಡಿದೆ. ಚಹಾದ ಕಲೆ ನನಗೆ ಗೊತ್ತು, ಅದು ಚಹಾ ಅಲ್ಲ. ನಿನ್ನೆ ನೀನು ಗಂಡನಿಗೆ ಹೇಳಿದ ಮಾತು ಪ್ರವೀಣಕುಮಾರರು ನನಗೆ ಹೇಳಿದರು. "ನನ್ನ ಕೈಯ್ಯಾಗ ಸಣ್ಣ ಆದ ಮರಿ ನೋಡೇನಿ. ನನ್ನ ಕೂಸಿಗೂ ಅದನ್ನ ಮಾಡ್ಲ್ಯಾ?" ಅದನ್ನು ಕೇಳಿದಾಗಿನಿಂದ ಆ ಪುಟವನ್ನು ಎಷ್ಟು ಸಲ ತೆಗೆದೆನೋ. ಆದರೆ, ಸುರೇಖಾ, ನಾನು ಮುಂದಿನ ಪುಟಗಳನ್ನೂ ಓದಿದೆ. ಜನವರಿಯದು: "ಸಣ್ಣ ಪ್ರಮಾಣ, ಒಂದೇ ಸಲ. ತೂಕದಲ್ಲಿ ಗುರುತಿಸುವಂಥ ವ್ಯತ್ಯಾಸವಿಲ್ಲ. ಬಾಗಿಲುಗಳ ಜೀನು ಮೊದಲೇ ಎದ್ದಿದೆ." ಅದರ ಪಕ್ಕಕ್ಕೆ ನಿನ್ನ ಕೈಬರಹದಲ್ಲೇ, ಎರಡು ಗೆರೆ ಹೊಡೆದು: "ಹೊತ್ತು ಮತ್ತು ಅಳತೆ." ಬಾಯಾರು ನಿನಗೆ ಹೇಳಿದ್ದೂ ಒಂದೇ ಸರದಿ, ಇವತ್ತೊಂದು ನಾಳೆಯೊಂದು, ಅಲ್ಲಿಗೆ ಮುಗಿಯಿತು ಎಂದು ನಿನ್ನ ಗಂಡ ಅಂದರು. ನನಗೆ ಶಾಸ್ತ್ರ ತಿಳಿಯದು. ಕೋಳಿಯ ಕರುಳು ಬೇರೆ, ಮನುಷ್ಯರ ಕೂಸು ಬೇರೆ ಎಂದು ನೀನೇ ಎಷ್ಟೋ ಸಲ ನನ್ನನ್ನು ಗದರಿದ್ದೀಯ. ಹಾಗಿದ್ದ ಮೇಲೆ ಜುಲೈನ ಮೊಟ್ಟೆಗಳ ಮಾತನ್ನಷ್ಟೇ ನಂಬಿ, ಜನವರಿಯ ಮೊಟ್ಟೆಗಳ ಮಾತನ್ನು ಬಿಡುವುದು ಯಾವ ನ್ಯಾಯ? ಸಣ್ಣ ಮರಿಗಳಿಗಾಗಿ ಅತ್ತವಳು ನೀನು. ಅಳತೆ ತಪ್ಪಿದ್ದು ಎಲ್ಲಿ ಎಂದು ಹುಡುಕಿ ಬರೆದಿಟ್ಟವಳೂ ನೀನೇ. ಎರಡನೆಯವಳ ಮಾತನ್ನೂ ಸ್ವಲ್ಪ ಕೇಳು.

ಅಯ್ಯೋ, ಎತ್ತಿಬಿಟ್ಟೆ. ಪ್ರವೀಣಕುಮಾರರಿಗೆ ಹೇಳಬೇಡ.

ಇವತ್ತಿನ ತಾಜಾ ಸುದ್ದಿಗೆ ಬರುತ್ತೇನೆ. ಬೆಳಿಗ್ಗೆ ಆರು ಗಂಟೆಗೆ ಹಿತ್ತಲ ಗೋಡೆಯ ಮೇಲಿನಿಂದ ಮಹಮೂದಾಬೇಗಂ ಕೂಗಿದರು: "ಅಣ್ಣಾರ, ಲಗೂ ಬರ್ರಿ, ಒಳಗಿನಿಂದ ಬಡ್ಯಾಕತ್ತಾವ!" ನಾನು ಚಪ್ಪಲಿ ಹುಡುಕುವುದರೊಳಗೆ ನಿನ್ನ ತಾಯಿ ಅವರ ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತಾಗಿತ್ತು. ಯಾವ ಶಾರದವ್ವ? ಗುರುವಾರ ಅಡುಗೆಮನೆಗೆ ಅಡ್ಡ ನಿಂತ ಅದೇ ಶಾರದವ್ವ. ಮೊದಲು ಬಿರಿದದ್ದು ಸುತ್ತು ಇದ್ದ ಮೂರನೇ ನಂಬರು. ಅರ್ಧ ತಾಸಿನ ನಂತರ ಸುತ್ತು ಇಲ್ಲದ ಹತ್ತನೇ ನಂಬರು. ಎರಡೂ ಒದ್ದೆಮುದ್ದೆ, ಎರಡಕ್ಕೂ ಒಂದೇ ಗಂಟಲು, ಎರಡನ್ನೂ ಅಂಗೈಯಲ್ಲಿಟ್ಟು ತೂಗಿದರೆ ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಇದು ಪುರಾವೆಯಲ್ಲ ಎಂದು ನನಗೆ ಗೊತ್ತು. ಹನ್ನೆರಡರಲ್ಲಿ ಎರಡು, ಅದರ ಮೇಲೆ ಕೋಲ್ಡ್ ಸ್ಟೋರೇಜಿನ ಪ್ರವಾಸ ಬೇರೆ. ನಿನ್ನ ಗೈಡು ಇದನ್ನು ನೋಡಿದರೆ ನನ್ನನ್ನೇ ಬಾಟಲಿಯಲ್ಲಿ ಹಾಕಿ ಇಡುತ್ತಾರೆ. ಪುರಾವೆಯೆಂದು ಬರೆಯುತ್ತಿಲ್ಲ, ನೋಡಿದೆನೆಂದು ಬರೆಯುತ್ತಿದ್ದೇನೆ. ನಿನ್ನ ತಾಯಿ ಮರಿಗಳಿಗೆ ದೃಷ್ಟಿ ತೆಗೆಯಲೇಬೇಕೆಂದು ಹಠ ಹಿಡಿದು, ಉಪ್ಪು ಮತ್ತು ಒಣಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಬ್ಯಾಡಗಿಯ ಮೆಣಸಿನಕಾಯಿ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಊರಿಗೆಲ್ಲ ಹೇಳುತ್ತೇವಲ್ಲ, ಹೊಗೆ ಮಾತ್ರ ಆ ಮಾತು ಕೇಳುವುದಿಲ್ಲ. ಮಹಮೂದಾಬೇಗಂ ಸೀನಿದರು, ನಾನು ಸೀನಿದೆ, ಕೋಳಿ ಸೀನಿತು. ಮೂರನೇ ನಂಬರು ಹುಟ್ಟಿ ತಾಸಿನೊಳಗೇ ಸೀನಿ ಬ್ಯಾಡಗಿಯ ಪೌರತ್ವ ಪಡೆಯಿತು.

ಇಲ್ಲಿಗೆ ನಿಲ್ಲಿಸುತ್ತೇನೆ. ನಿನ್ನ ತಾಯಿ ರೊಟ್ಟಿ ಬಡಿಯುತ್ತಿದ್ದಾಳೆ. ಡಬ್ಬಿಯಲ್ಲಿ ಮೆಂತೆ ಪಲ್ಯ, ಗಟ್ಟಿ ಮೊಸರು ಇದೆ, ಬಿಡಬೇಡ. ಮಹಮೂದಾಬೇಗಂ ಸಲಾಮು ಹೇಳಿದ್ದಾರೆ. ನಾಗಪ್ಪ ಲಾಟ್ ನಂಬರಿನ ಜಾಗ ಖಾಲಿ ಬಿಟ್ಟಿದ್ದಾನಂತೆ. ದೇವರಗುಡ್ಡದ ಮೈಲಾರಲಿಂಗ ನಿನ್ನನ್ನೂ ಒಳಗಿರುವ ಸಾಹೇಬರನ್ನೂ, ಅಥವಾ ಬಾಯಿಸಾಹೇಬರನ್ನೂ, ತಣ್ಣಗೆ ಇಡಲಿ ಎಂದು ಬರೆಯಲು ಹೊರಟಿದ್ದೆ. ಶನಿವಾರದ ನಂತರ ಆ ಪದ ಬಳಸಲು ಧೈರ್ಯವಿಲ್ಲ. ಬೆಚ್ಚಗೆ ಇಡಲಿ.

ನಿನ್ನನ್ನು ನಗಿಸಬಾರದ
ಅಪ್ಪ,
ಪ್ರಭುಲಿಂಗಪ್ಪ

ತಾ.ಕ.: ಮೇಲಿನದನ್ನೆಲ್ಲ ನಿನ್ನ ತಾಯಿಗೆ ಓದಿ ತೋರಿಸಿದ್ದೇನೆ. ಇದನ್ನು ತೋರಿಸಿಲ್ಲ, ಅವಳು ಒಲೆಯ ಮುಂದಿರುವಾಗ ಅವಸರದಲ್ಲಿ ಬರೆಯುತ್ತಿದ್ದೇನೆ. ನಿನಗಿಂತ ಮೂರು ವರ್ಷ ಮೊದಲು ನಮಗೊಂದು ಕೂಸು ಹುಟ್ಟಿತ್ತು. ಗಂಡು. ಏಳು ತಿಂಗಳಿಗೇ ಬಂತು. ಆಗ ಈ ಇಂಜೆಕ್ಷನ್ ನಮ್ಮ ಪಾಲಿಗೆ ಇರಲಿಲ್ಲ. ಹೆಸರು ಕೂಡ ನಾವು ಕೇಳಿರಲಿಲ್ಲ. ಹತ್ತಿಯ ಬತ್ತಿಯಲ್ಲಿ ಹಾಲು ಹಿಂಡಿದೆವು, ಕುಡಿದದ್ದು ಉಳಿಯಲಿಲ್ಲ, ಉಸಿರೂ ಉಳಿಯಲಿಲ್ಲ. ಎರಡು ದಿನ ಇತ್ತು. ಸೂಲಗಿತ್ತಿ ಮುದುಕವ್ವ ನನ್ನನ್ನು ಹೊರಗೆ ಕರೆದು, "ಲಗೂ ಬಂದೈತ್ರಿ. ಒಳಗಿನ ಕದಾ ಇನ್ನಾ ತಗದಿಲ್ಲ" ಎಂದಳು. ನಿನ್ನ ತಾಯಿ ಆ ಮಾತನ್ನು ಇವತ್ತಿನವರೆಗೂ ಆಡಿಲ್ಲ, ನಿನಗೆ ಹೇಳಕೂಡದೆಂದು ನನ್ನಿಂದಲೂ ಆಣೆ ಹಾಕಿಸಿದ್ದಳು. ನಾಲ್ಕು ವರ್ಷದ ಹಿಂದೆ ನೀನು ನಿನ್ನ ಪಿಎಚ್‌ಡಿ ವಿಷಯ ಹೇಳಿದಾಗ ನಾನು ಎದ್ದು ಹಿತ್ತಲಿಗೆ ಹೋದೆ. ನೆನಪಿದೆಯಾ? ನಗು ತಡೆಯಲಾರದೆ ಹೋದೆನೆಂದು ನೀನು ಸಿಟ್ಟಾಗಿದ್ದೆ. ನಾನು ಆ ಹೆಸರನ್ನು ಗೇಲಿ ಮಾಡುತ್ತೇನೆ, ವಿಷಯವನ್ನು ಒಮ್ಮೆಯೂ ಮಾಡಿಲ್ಲ. ಇವತ್ತು ಎರಡು ಆಣೆ ಮುರಿದಿದ್ದೇನೆ. ಸಂಜೆಯವರೆಗೆ ಕಾಯಬೇಡ ಯವ್ವಾ. ಊಟಕ್ಕೆ ಮೊದಲೇ ಬಾಯಾರನ್ನು ಕರೆ.

ರೊಟ್ಟಿಯ ಡಬ್ಬಿಯಲ್ಲಿ, ಬಟ್ಟೆಯ ಮಡಿಕೆಯೊಳಗೆ, ನಿನ್ನ ಮೊಟ್ಟೆಯ ಪೆನ್ಸಿಲ್ ಇಟ್ಟಿದ್ದೇನೆ. ಇಂಜೆಕ್ಷನ್ ಆದ ಕೂಡಲೇ ಈ ಕಾಗದದ ಹಿಂದೆ ಒಂದು ಸುತ್ತು ಎಳೆದು, ಪಕ್ಕದಲ್ಲಿ ಹೊತ್ತು ಬರೆದು, ಖಾಲಿ ಡಬ್ಬಿಯಲ್ಲಿ ವಾಪಸು ಕಳಿಸು. ಪೆನ್ಸಿಲ್ಲನ್ನೂ ಮರೆಯದೆ ಕಳಿಸು, ಇನ್ನೂ ಹತ್ತು ಬಿರಿಯುವುದಿದೆ.